ಹಿರಿಯರ ಆರೈಕೆ ಕೇಂದ್ರಗಳ ಐಟಿ ಹೊಣೆ ಬಂದಿದೆ, ಮೊದಲು ಯಾವುದಕ್ಕೆ ಕೈ ಹಾಕಲಿ?

ಹೊಸ ಹೊಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 14 ವರ್ಷ ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದವನು ನಾನು. ಎರಡು ತಿಂಗಳ ಹಿಂದೆ ಹಿರಿಯರ ಆರೈಕೆ ಕೇಂದ್ರಗಳನ್ನು ನಡೆಸುವ ಒಂದು ಸಂಸ್ಥೆಗೆ ಐಟಿ ಮುಖ್ಯಸ್ಥನಾಗಿ ಸೇರಿದೆ. 6 ಕೇಂದ್ರ, ಒಟ್ಟು 410 ಹಾಸಿಗೆ. ಅದರಲ್ಲಿ ಒಂದು ಕೇಂದ್ರ ಮರೆವಿನ ಕಾಯಿಲೆ ಇರುವವರಿಗೇ ಮೀಸಲು. ಐಟಿ ತಂಡದಲ್ಲಿ ನನ್ನನ್ನೂ ಸೇರಿಸಿ ನಾಲ್ಕೇ ಜನ.

ಆಡಳಿತ ಮಂಡಳಿ ಮೂರು ವರ್ಷದ ಯೋಜನೆ ಕೇಳಿದೆ. ಕೊಡೋಕೆ ಇನ್ನು ಐದು ವಾರ ಇದೆ. ಅವರಿಗೆ ಬೇಕಾಗಿರುವುದು ಮೂರು: ಮನೆಯವರಿಗೆ ಒಂದು ಆಪ್, ಯಾರು ಬೀಳಬಹುದು ಅಂತ ಮೊದಲೇ ಹೇಳುವ ಎಐ, ಮತ್ತೆ ಎಲ್ಲ ಕೇಂದ್ರಗಳನ್ನೂ ಒಟ್ಟಿಗೆ ತೋರಿಸುವ ಡ್ಯಾಶ್‌ಬೋರ್ಡ್.

ನಾನು ನೋಡಿದ ಪರಿಸ್ಥಿತಿ ಬೇರೆ. ಬಿಲ್ಲಿಂಗ್‌ಗೆ ಒಂದು ಸಾಫ್ಟ್‌ವೇರ್, ಔಷಧಿಗೆ ಇನ್ನೊಂದು, ಡ್ಯೂಟಿ ಪಟ್ಟಿಗೆ ಮತ್ತೊಂದು. ಒಬ್ಬರೇ ಅಜ್ಜಿಯ ಹೆಸರು ಮೂರು ಕಡೆ ಮೂರು ಸ್ಪೆಲ್ಲಿಂಗ್‌ನಲ್ಲಿದೆ. ವೈಫೈ ಬಗ್ಗೆ ದಿನಾ ದೂರು. ಎರಡು ಕೇಂದ್ರಗಳಲ್ಲಿ ಇನ್ನೂ ವಿಂಡೋಸ್ 10 ಯಂತ್ರಗಳು ಓಡುತ್ತಿವೆ. ಅದಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಬರುವುದು 2025ರ ಅಕ್ಟೋಬರ್ 14ಕ್ಕೇ ನಿಂತಿದೆ.

ಬ್ಯಾಂಕ್‌ನಲ್ಲಿ ಏನು ಮೊದಲು ಏನು ಆಮೇಲೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ತೋಚುತ್ತಿಲ್ಲ. ಯಾವುದರಿಂದ ಶುರು ಮಾಡಲಿ? ಮಂಡಳಿ ಕೇಳಿದ್ದನ್ನು ಬಿಟ್ಟು ಬೇರೆ ಹೇಳಿದರೆ ಹೇಗೆ ಒಪ್ಪಿಸಲಿ? ಈ ಕ್ಷೇತ್ರದಲ್ಲಿ ಇದ್ದವರು ದಯವಿಟ್ಟು ಹೇಳಿ.

ಹಳೇ ಸರ್ವರ್ (ಉತ್ತರ)

ಸರ್, ನಿಮ್ಮ ಪಟ್ಟಿ ಎರಡು ಸಲ ಓದಿದೆ. ಅದರಲ್ಲಿ ರಾತ್ರಿ ಎಲ್ಲೂ ಬರಲಿಲ್ಲ. ಯೋಜನೆಯ ಒಂದು ಸಾಲು ಬರೆಯುವ ಮೊದಲು ಒಂದು ಇಡೀ ನೈಟ್ ಶಿಫ್ಟ್ ಕೇಂದ್ರದಲ್ಲಿ ಕಳೆಯಿರಿ. ಹ್ಯಾಂಡೋವರ್‌ನಿಂದ ಹ್ಯಾಂಡೋವರ್‌ವರೆಗೆ, ಅಂದರೆ ಪಾಳಿ ವಹಿಸಿಕೊಳ್ಳುವ ಹೊತ್ತಿನಿಂದ ಮುಂದಿನವರಿಗೆ ಒಪ್ಪಿಸುವವರೆಗೆ. ಯಾಕೆ ಅಂತ ಹೇಳುತ್ತೇನೆ.

ನಾನು ಈ ಕ್ಷೇತ್ರಕ್ಕೆ ಬಂದು 17 ವರ್ಷ ಆಯಿತು. ಬಂದ ಮೊದಲ ವರ್ಷ ಆರೈಕೆ ದಾಖಲೆಗೆ ಒಂದು ಒಳ್ಳೆಯ ಸಾಫ್ಟ್‌ವೇರ್ ತಂದೆ. ಪ್ರತಿ ಮಹಡಿಗೂ ಟ್ಯಾಬ್ ಕೊಟ್ಟೆ. ಮೂರು ತಿಂಗಳಲ್ಲಿ ಎಲ್ಲ ದಾಖಲೆಯೂ ಪೂರ್ತಿ ತುಂಬಿ ಬರುತ್ತಿತ್ತು. ಮಂಡಳಿ ಚಪ್ಪಾಳೆ ತಟ್ಟಿತು. ಆಮೇಲೆ ಒಂದು ದಿನ ಸುಮ್ನೆ ಡೇಟಾಬೇಸ್ ತೆಗೆದು ಎಂಟ್ರಿಗಳ ಸಮಯ ನೋಡಿದೆ. ರಾತ್ರಿ ಪಾಳಿಯ ಹೆಚ್ಚುಕಮ್ಮಿ ಎಲ್ಲ ದಾಖಲೆಯೂ ಬೆಳಗ್ಗೆ 6:10ರಿಂದ 6:40ರ ಒಳಗೆ ಬಿದ್ದಿತ್ತು. ರಾತ್ರಿ 1 ಗಂಟೆಗೆ ಮಗ್ಗುಲು ಬದಲಾಯಿಸಿದ್ದು, 3 ಗಂಟೆಗೆ ನೀರು ಕುಡಿಸಿದ್ದು, ಎಲ್ಲ ಆ ಅರ್ಧ ಗಂಟೆಯಲ್ಲಿ ನೆನಪಿನಿಂದ ತುಂಬಿದ್ದು.

ತಪ್ಪು ಅವರದಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಟ್ಯಾಬ್ ಎರಡು ನಿಮಿಷಕ್ಕೆ ಲಾಕ್ ಆಗುತ್ತಿತ್ತು. ಪಾಸ್‌ವರ್ಡ್ ಹೊಡೆದು ಒಳಗೆ ಹೋಗಿ ಹಿರಿಯರ ಹೆಸರು ಹುಡುಕುವಷ್ಟರಲ್ಲಿ 45 ಸೆಕೆಂಡ್. ಒಂದು ಪಾಳಿಯಲ್ಲಿ 20 ಸಲ ಹಾಗೆ ಮಾಡಿದರೆ 15 ನಿಮಿಷ. ಆ ಕೇಂದ್ರದಲ್ಲಿ ದಿನಕ್ಕೆ 32 ಜನ ಕೆಲಸ ಮಾಡುತ್ತಿದ್ದರು. ಒಟ್ಟು 8 ಗಂಟೆ. ಅಂದರೆ ದಿನಾ ಒಬ್ಬರ ಪೂರ್ತಿ ಪಾಳಿಯನ್ನು ನನ್ನ ಲಾಗಿನ್ ಪರದೆಯೇ ತಿನ್ನುತ್ತಿತ್ತು. ಜನ ಸಾಲದೆ ಒದ್ದಾಡುವ ಕಡೆ ಇದು ಸಣ್ಣ ವಿಷಯ ಅಲ್ಲ. ಅವರು ಚೀಟಿಯಲ್ಲಿ ಬರೆದುಕೊಂಡು ಕೊನೆಗೆ ಟೈಪ್ ಮಾಡುತ್ತಿದ್ದರು. ಕೆಲವು ಮಹಡಿಗಳಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದರು, ಪಾಸ್‌ವರ್ಡನ್ನು ಟ್ಯಾಬ್ ಹಿಂದೆ ಅಂಟಿಸಿದ್ದರು.

ನಾವು ಆಮೇಲೆ ಬ್ಯಾಡ್ಜ್ ತಾಗಿಸಿ ನಾಲ್ಕು ಅಂಕಿಯ ಪಿನ್ ಒತ್ತುವ ವ್ಯವಸ್ಥೆ ತಂದೆವು. ಒಳಗೆ ಹೋಗಲು 4 ಸೆಕೆಂಡ್. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು ಅನ್ನುವ ನಿಯಮವನ್ನೂ ಕಿತ್ತುಹಾಕಿದೆವು. ಕಾರಣ ಇಲ್ಲದೆ ಅವಧಿ ಇಟ್ಟು ಪಾಸ್‌ವರ್ಡ್ ಬದಲಾಯಿಸಬೇಡಿ ಅಂತ ತಂತ್ರಜ್ಞಾನದ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ ಕೂಡ 2017ರ ಮಾರ್ಗದರ್ಶಿಯಲ್ಲಿ ಹೇಳಿದೆ. ಬ್ಯಾಂಕ್‌ನಿಂದ ಬಂದವರು ನೀವು, ಈ ಅಭ್ಯಾಸ ಬಿಡೋದು ಕಷ್ಟ ಆಗಬಹುದು. ಎರಡು ತಿಂಗಳಲ್ಲಿ ಎಂಟ್ರಿಗಳು ರಾತ್ರಿಯಿಡೀ ಹರಡಿಕೊಂಡವು. ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ.

ಈಗ ನಿಮ್ಮ ಎಐ ವಿಷಯಕ್ಕೆ ಬರುತ್ತೇನೆ. ಬೀಳುವುದು ಚಿಕ್ಕ ಸಮಸ್ಯೆ ಅಲ್ಲವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಜಾಸ್ತಿ. ಆದರೆ ಬೆಳಗ್ಗೆ 6ಕ್ಕೆ ತುಂಬಿದ ದಾಖಲೆಯನ್ನು ಎಐಗೆ ಕೊಟ್ಟರೆ ಅದು ಕಲಿಯುವುದು ಸಿಬ್ಬಂದಿ ಟೈಪ್ ಮಾಡಿದ ಹೊತ್ತನ್ನು, ಅಜ್ಜ ಹಾಸಿಗೆಯಿಂದ ಎದ್ದ ಹೊತ್ತನ್ನಲ್ಲ. ಮೊದಲು ನಿಮ್ಮ ಎಂಟ್ರಿಗಳ ಸಮಯ ತೆಗೆದು ನೋಡಿ. ಅದೊಂದು ಚಿತ್ರ ಮಂಡಳಿಯ ಮುಂದೆ ಇಡಿ. ಎಐ ಬೇಡ ಅಂತ ನೀವು ಹೇಳಬೇಕಾಗುವುದಿಲ್ಲ, ಮೊದಲು ಏನು ಸರಿಯಾಗಬೇಕು ಅಂತ ಅವರೇ ಕೇಳುತ್ತಾರೆ.

ವೈಫೈ. ಹಿರಿಯರು ಬೀಳುವ ಮುಖ್ಯ ಜಾಗಗಳಲ್ಲಿ ಬಾತ್‌ರೂಮ್ ಒಂದು. ಸಿಗ್ನಲ್ ಸಾಯುವುದೂ ಅಲ್ಲೇ. ಟೈಲ್ಸ್, ಗೋಡೆಯೊಳಗಿನ ಪೈಪ್, ಕನ್ನಡಿ, ಮುಚ್ಚಿದ ಬಾಗಿಲು. ನಮ್ಮಲ್ಲಿ ಸರ್ವೆಗೆ ಬಂದವರು ಕಾರಿಡಾರ್‌ನಲ್ಲಿ ಓಡಾಡಿ ಹಸಿರು ನಕ್ಷೆ ಕೊಟ್ಟು ಹೋದರು. ನಾನು ಒಂದೊಂದು ಬಾತ್‌ರೂಮ್‌ನಲ್ಲೂ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಟ್ಯಾಬ್ ಇಟ್ಟು ನೋಡಿದೆ. ಬಿದ್ದವರು ನೆಲದ ಮೇಲೇ ಇರುತ್ತಾರೆ ಅಲ್ವಾ. ಮೂರರಲ್ಲಿ ಒಂದು ಕಡೆ ಸಿಗ್ನಲ್ ಇರಲಿಲ್ಲ. 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಹಿಂದೆ, ಅದನ್ನೂ ನೆನಪಿಡಿ. ಎಳೆಯುವ ದಾರ ಇರುವ ತಂತಿಯ ಕರೆಗಂಟೆ ನಿಮ್ಮಲ್ಲಿ ಇದ್ದರೆ ದಯವಿಟ್ಟು ತೆಗೆಸಬೇಡಿ.

ಔಷಧಿಯ ವ್ಯವಸ್ಥೆಗೆ ನಾನು ಎರಡನೇ ಸ್ಥಾನ ಕೊಡುತ್ತೇನೆ. ಬಾರ್‌ಕೋಡ್ ನೋಡಿ ಮಾತ್ರೆ ಕೊಡುವುದರಿಂದ ನಿಜಕ್ಕೂ ತಪ್ಪು ಕಡಿಮೆಯಾಗುತ್ತದೆ. ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮಯದ ತಪ್ಪು ಬಿಟ್ಟು ಉಳಿದ ತಪ್ಪುಗಳು ನೂರಕ್ಕೆ 11.5ರಿಂದ 6.8ಕ್ಕೆ ಇಳಿದವು. ಆದರೆ ಅದು ಆಸ್ಪತ್ರೆ. ಮರೆವಿನ ಕಾಯಿಲೆ ಇರುವವರು ಬಾರ್‌ಕೋಡ್ ಇರುವ ಕೈಪಟ್ಟಿ ಕಿತ್ತು ಎಸೆಯುತ್ತಾರೆ. ಆಗ ಸಿಬ್ಬಂದಿ ಎಲ್ಲರ ಬಾರ್‌ಕೋಡನ್ನೂ ಒಂದು ಹಾಳೆಗೆ ಅಂಟಿಸಿ ಟ್ರಾಲಿಯಲ್ಲೇ ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ಆ ಸ್ಕ್ಯಾನ್‌ಗೆ ಅರ್ಥ ಇಲ್ಲ. ಅದಕ್ಕೆ ನಾವು ಫೋಟೋ ಇಟ್ಟೆವು, ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯುತ್ತೇವೆ. ಹಿರಿಯರು ತೂಕ ಇಳಿದರೆ ಮುಖ ಬೇಗ ಬದಲಾಗುತ್ತದೆ. ವರ್ಷದ ಹಿಂದಿನ ಫೋಟೋ ನೋಡಿ ಹೊಸ ಸಿಬ್ಬಂದಿ ಗುರುತು ಹಿಡಿಯಲಾರರು.

ಇನ್ನು ವಿಂಡೋಸ್ 10. ಇದಕ್ಕೆ ಮೂರು ವರ್ಷ ಕಾಯಬೇಡಿ, ಮೂರು ವಾರವೂ ಬೇಡ. 2017ರ ಮೇ ತಿಂಗಳಲ್ಲಿ, ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಬಂದಾಗ ಅದನ್ನು ತಡೆಯುವ ಭದ್ರತಾ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು, ಬ್ರಿಟನ್ನಿನ ಆಸ್ಪತ್ರೆಗಳೂ ಅದರಲ್ಲಿದ್ದವು. ಬ್ಯಾಂಕ್‌ನಲ್ಲಿ ವ್ಯವಸ್ಥೆ ನಿಂತರೆ ಗ್ರಾಹಕರು ಕಾಯುತ್ತಾರೆ. ಇಲ್ಲಿ ಬೆಳಗ್ಗೆ 8ರ ಇನ್ಸುಲಿನ್ ಕಾಯುವುದಿಲ್ಲ. ಪ್ರತಿ ಮಹಡಿಯಲ್ಲೂ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಯುಪಿಎಸ್ ಇಡಿ. ಎಲ್ಲರ ಔಷಧಿ ಪಟ್ಟಿ, ಅಲರ್ಜಿ, ಮನೆಯವರ ಫೋನ್ ನಂಬರ್ 6 ಗಂಟೆಗೊಮ್ಮೆ ತಾನಾಗಿ ಅದರೊಳಗೆ ಬಂದು ಕೂರಲಿ. ವರ್ಷಕ್ಕೆ ಎರಡು ಸಲ ಬೇಕೆಂದೇ ವ್ಯವಸ್ಥೆ ನಿಲ್ಲಿಸಿ ಅಭ್ಯಾಸ ಮಾಡಿಸಿ. ನಾವು ಮೊದಲ ಸಲ ಮಾಡಿದಾಗ ಆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ಒಬ್ಬರು ರಜೆಯಲ್ಲಿದ್ದರು. ಅಭ್ಯಾಸ ಮಾಡದಿದ್ದರೆ ಅದು ನಿಜವಾದ ದಿನವೇ ಗೊತ್ತಾಗುತ್ತಿತ್ತು.

ಮೂರು ಸ್ಪೆಲ್ಲಿಂಗ್ ವಿಷಯಕ್ಕೆ ಒಂದೇ ಮಾತು: ಒಬ್ಬ ಹಿರಿಯರಿಗೆ ಒಂದೇ ನಂಬರ್, ದಾಖಲು ಮಾಡಿಕೊಳ್ಳುವ ದಿನ ಒಂದೇ ಕಡೆ ಕೊಡಿ. ಅದಾಗುವವರೆಗೆ ಡ್ಯಾಶ್‌ಬೋರ್ಡ್‌ಗೆ ಕೈ ಹಾಕಬೇಡಿ.

ರಾತ್ರಿ ಪಾಳಿ (ಉತ್ತರ)

ನಾನು ನರ್ಸಿಂಗ್ ಮೇಲ್ವಿಚಾರಕಿ, ಐಟಿಯವಳಲ್ಲ. 11 ವರ್ಷ ಹೆಚ್ಚಾಗಿ ರಾತ್ರಿ ಡ್ಯೂಟಿಯಲ್ಲೇ ಇದ್ದೆ. ಮೇಲಿನ ಸರ್ ಹೇಳಿದ್ದು ಓದಿ ಖುಷಿಯಾಯಿತು. ಆದರೆ ಒಂದು ವಿಷಯ ಅವರು ಬಿಟ್ಟಿದ್ದಾರೆ, ನನಗೆ ಅದೇ ಮುಖ್ಯ.

ಆ ಎಂಟ್ರಿ ಸಮಯಗಳನ್ನು ಯಾರು ನೋಡುತ್ತಾರೆ? ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಸಮಯ ತೆಗೆದರು. ಮುಂದಿನ ತಿಂಗಳು ಏಳು ಜನರಿಗೆ ನೋಟಿಸ್ ಬಂತು, "ರಾತ್ರಿ 2ಕ್ಕೆ ಮಾಡಬೇಕಾದ್ದನ್ನು 2:50ಕ್ಕೆ ಮಾಡಿದ್ದೀರಿ" ಅಂತ. ಆ 50 ನಿಮಿಷ ಆ ಹುಡುಗಿ ಪಕ್ಕದ ಕೋಣೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದ ಒಬ್ಬರ ಕೈ ಹಿಡಿದು ಕೂತಿದ್ದಳು. ಅದನ್ನು ಬರೆಯಲು ಟ್ಯಾಬ್‌ನಲ್ಲಿ ಜಾಗ ಇರಲಿಲ್ಲ. ನೋಟಿಸ್ ಬಂದ ಮೇಲೆ ಎಲ್ಲರೂ ಸರಿಯಾಗಿ 2 ಗಂಟೆಗೇ ಟಿಕ್ ಹಾಕಲು ಶುರು ಮಾಡಿದರು. ಕೆಲಸ ಆಗಿದೆಯೋ ಇಲ್ಲವೋ, ಟಿಕ್ ಮಾತ್ರ 2 ಗಂಟೆಗೆ. ಆ ಹುಡುಗಿ ಕೆಲಸ ಬಿಟ್ಟಳು. ನನಗೆ ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಅಲಾರಂ ಬಗ್ಗೆಯೂ ಹೇಳಬೇಕು. ಹಾಸಿಗೆ ಸೆನ್ಸರ್ ಹಾಕಿದ ಮೊದಲ ರಾತ್ರಿ 26 ಜನರಿಗೆ 118 ಸಲ ಫೋನ್ ಕಿರುಚಿತು. ಇದ್ದವರು ನಾವು ಇಬ್ಬರು. ಮಗ್ಗುಲಾದರೂ ಅಲಾರಂ, ಹೊದಿಕೆ ಸರಿದರೂ ಅಲಾರಂ. ನಾಲ್ಕನೇ ರಾತ್ರಿಗೆ ನಮ್ಮ ಕಿವಿಯೇ ಅದನ್ನು ಕೇಳುವುದು ಬಿಟ್ಟಿತು. ಆಸ್ಪತ್ರೆಗಳ ಅಲಾರಂಗಳಲ್ಲಿ ನೂರಕ್ಕೆ 85ರಿಂದ 99ರಷ್ಟಕ್ಕೆ ಯಾರೂ ಏನೂ ಮಾಡಬೇಕಾಗಿರುವುದಿಲ್ಲ ಅಂತ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮಗೆ ಅದು ನಾಲ್ಕು ರಾತ್ರಿಯಲ್ಲಿ ಗೊತ್ತಾಯಿತು. ಆಮೇಲೆ ಯಾರು ಎದ್ದರೆ ನಿಜಕ್ಕೂ ಬೀಳುತ್ತಾರೋ ಆ 5 ಜನರಿಗೆ ಮಾತ್ರ ಇಟ್ಟುಕೊಂಡೆವು. ಅಲಾರಂ ಬಂದರೆ ಓಡಿದೆವು. ದಯವಿಟ್ಟು ಎಲ್ಲ 410 ಹಾಸಿಗೆಗೂ ಒಟ್ಟಿಗೆ ಹಾಕಿಸಬೇಡಿ.

ಮತ್ತೆ ಸಣ್ಣದು ಎರಡು. ಕೈಗವಸು ಹಾಕಿಕೊಂಡರೆ ಟ್ಯಾಬ್ ಎಷ್ಟೋ ಸಲ ಕೆಲಸ ಮಾಡುವುದಿಲ್ಲ, ಕೊಳ್ಳುವ ಮೊದಲು ಗವಸು ಹಾಕಿ ಒತ್ತಿ ನೋಡಿ. ಕತ್ತಲ ಕೋಣೆಯಲ್ಲಿ ಆ ಬಿಳಿ ಪರದೆ ತೆರೆದರೆ ಮಲಗಿದವರು ಎದ್ದು ಕೂರುತ್ತಾರೆ. ಮರೆವು ಇರುವವರು ಬೆಳಗಾಯಿತು ಅಂದುಕೊಂಡು ನಡೆಯಲು ಶುರು ಮಾಡುತ್ತಾರೆ. ಕಪ್ಪು ಪರದೆ ಇರುವಂತೆ ಮಾಡಿಸಿ.

ಲೆಕ್ಕ ನೋಡುವವನು (ಉತ್ತರ)

ನಾನು ಇದೇ ಕ್ಷೇತ್ರದಲ್ಲಿ ಹಣಕಾಸು ನೋಡುತ್ತೇನೆ. ಮೇಲಿನ ಇಬ್ಬರನ್ನೂ ಒಪ್ಪುತ್ತೇನೆ, ಆದರೆ ಮಂಡಳಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ.

ನಮ್ಮ ವ್ಯವಹಾರ ನಿಂತಿರುವುದು ಎರಡು ಸಂಖ್ಯೆ ಮೇಲೆ: ಎಷ್ಟು ಹಾಸಿಗೆ ತುಂಬಿದೆ, ಮತ್ತೆ ಸಂಬಳಕ್ಕೆ ಎಷ್ಟು ಹೋಗುತ್ತದೆ. ಹಾಸಿಗೆ ಖಾಲಿ ಬಿದ್ದರೂ ಬಾಡಿಗೆ, ವಿದ್ಯುತ್, ರಾತ್ರಿ ಸಿಬ್ಬಂದಿ ಯಾವುದೂ ಕಡಿಮೆಯಾಗುವುದಿಲ್ಲ. ಕೇಂದ್ರವನ್ನು ಆರಿಸುವುದು ಬಹಳ ಸಲ ಮಗಳು ಅಥವಾ ಮಗ. ಅವರಿಗೆ ಬೇಕಾಗಿರುವುದು ಸುದ್ದಿ. ಹಾಗಾಗಿ ಆಪ್ ಕೇಳಿದ್ದು ತಪ್ಪಲ್ಲ.

ಒಂದು ವಾರ ಪ್ರತಿ ಕೇಂದ್ರದ ರಿಸೆಪ್ಷನ್‌ನಲ್ಲಿ ಬರುವ ಫೋನ್ ಕರೆಗಳನ್ನು ಕಾರಣದ ಜೊತೆ ಬರೆಸಿ. ನಾವು ಬರೆಸಿದಾಗ ಅರ್ಧಕ್ಕಿಂತ ಜಾಸ್ತಿ "ಅಮ್ಮ ಇವತ್ತು ಹೇಗಿದ್ದಾರೆ" ಅನ್ನುವ ಕರೆಗಳು. ಪ್ರತಿ ಕರೆಗೂ ಮಹಡಿಯಿಂದ ಒಬ್ಬ ನರ್ಸ್ ಕೆಲಸ ಬಿಟ್ಟು ಬಂದು ಮಾತಾಡಬೇಕು. ಆ ನಿಮಿಷಗಳನ್ನೂ ಲೆಕ್ಕಕ್ಕೆ ಸೇರಿಸಿ. ಆಪ್ ಅನ್ನು ಹೊಳೆಯುವ ವಸ್ತುವಾಗಿ ಅಲ್ಲ, ನರ್ಸ್‌ಗಳ ಸಮಯ ವಾಪಸ್ ಕೊಡುವ ಸಾಧನವಾಗಿ ಮಂಡಳಿಗೆ ತೋರಿಸಬಹುದು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನನ್ನಂಥವರನ್ನು ಕೂರಿಸಿಕೊಳ್ಳಿ. ಶುಲ್ಕ ಒಟ್ಟು ಹಾಸಿಗೆಗೋ, ತುಂಬಿದ ಹಾಸಿಗೆಗೋ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ನಾಳೆ ಅವರನ್ನು ಬಿಟ್ಟರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಕೈಗೆ ಬರುತ್ತದೆ? ಎಫ್‌ಎಚ್‌ಐಆರ್‌ನಂಥ (ಆರೋಗ್ಯ ದಾಖಲೆಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ) ತೆರೆದ ಮಾನದಂಡದಲ್ಲಿ ಕೊಡುತ್ತೇವೆ ಅಂತ ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಸಹಿ ಮಾಡುವ ಮೊದಲೇ ಹತ್ತು ಹಿರಿಯರ ದಾಖಲೆ ಹೊರಗೆ ತೆಗೆದು ತೋರಿಸಿ ಅಂತ ಕೇಳಿ. ಒಂದು ಕಂಪನಿ ನಮಗೆ ಕೊನೆಗೆ ಕೊಟ್ಟದ್ದು ಸಾವಿರಾರು ಪಿಡಿಎಫ್. ಅದನ್ನು ಕೈಯಲ್ಲಿ ಮತ್ತೆ ಟೈಪ್ ಮಾಡಿಸಿದೆವು.

ಹಳೇ ಸರ್ವರ್

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನು ನಾನೇ ಮೊದಲು ಬರೆಯಬೇಕಿತ್ತು. ನಮ್ಮಲ್ಲಿ ಎಂಟ್ರಿ ಸಮಯವನ್ನು ಮಹಡಿಯ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ, ಒಬ್ಬೊಬ್ಬರ ಹೆಸರಿನಲ್ಲಿ ನೋಡುವುದಿಲ್ಲ. ದೂರು ಅಥವಾ ಅಪಘಾತ ಆದರೆ ಮಾತ್ರ ಹೆಸರು ತೆರೆಯಬಹುದು, ಅದೂ ನರ್ಸಿಂಗ್ ಮುಖ್ಯಸ್ಥರ ಒಪ್ಪಿಗೆ ಇದ್ದರೆ. ಅಲಾರಂಗೂ ಒಂದು ನಿಯಮ ಇದೆ: ಯಾರು ಹೋಗಬೇಕು, ಹೋಗಿ ಏನು ಮಾಡಬೇಕು ಅಂತ ಹೇಳಲು ಆಗದ ಅಲಾರಂ ಆನ್ ಆಗುವುದಿಲ್ಲ.

ಆಪ್ ವಿಷಯದಲ್ಲಿ ಲೆಕ್ಕದವರ ಜೊತೆ ನಾನೂ ಇದ್ದೇನೆ, ಆದರೆ ಹಿರಿಯರನ್ನೇ ಕೇಳದೆ ಮಾಡಬೇಡಿ. ನಮ್ಮಲ್ಲಿ ಒಬ್ಬ ಅಜ್ಜಿ, ಆಗ 84 ವರ್ಷ, ನನ್ನನ್ನು ಕರೆದು ಕೇಳಿದರು: "ನಾನು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡದ್ದು ನನ್ನ ಮಗನಿಗೆ ಯಾಕೆ ಗೊತ್ತಾಗಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ನಿಲ್ಲಿಸಿದೆವು. ಈಗ ಏನು ತೋರಿಸಬೇಕು ಅನ್ನುವುದನ್ನು ಹಿರಿಯರು ಆರಿಸುತ್ತಾರೆ. ಮರೆವು ಇರುವವರಿಗೆ, ಅವರು ಇನ್ನೂ ಹೇಳಬಲ್ಲ ಹಂತದಲ್ಲಿ ಇದ್ದಾಗಲೇ ಕೇಳಿ ಬರೆದಿಡುತ್ತೇವೆ. ಕೋಣೆಯಲ್ಲಿ ಕ್ಯಾಮೆರಾ ಇಡುವ ಮಾತು ಬಂದರೂ ಹಾಗೆಯೇ.

ಹೊಸ ಹೊಣೆ

ಎಲ್ಲರಿಗೂ ಧನ್ಯವಾದ. ಹೋದ ಶುಕ್ರವಾರ ಮರೆವಿನ ಕೇಂದ್ರದಲ್ಲಿ ಇಡೀ ರಾತ್ರಿ ಇದ್ದೆ. ಯಾರಿಗೂ ಮುಂಚೆ ಹೇಳದೆ ಹೋಗೋಣ ಅಂದುಕೊಂಡಿದ್ದೆ. ಮೇಡಂ ಬರೆದದ್ದು ಓದಿದ ಮೇಲೆ ಆ ಪಾಳಿಯವರಿಗೇ ಫೋನ್ ಮಾಡಿ ಕೇಳಿ ಹೋದೆ.

ರಾತ್ರಿ 2:40ಕ್ಕೆ ಒಬ್ಬ ಸಿಬ್ಬಂದಿ ಕೈಗವಸಿನ ಡಬ್ಬಿ ಮೇಲೆ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದರು. ಯಾಕೆ ಅಂತ ಕೇಳಿದೆ. ಟ್ಯಾಬ್ ಚಾರ್ಜ್‌ಗೆ ಇದೆ, ಅದು ಇರುವುದು ಮಹಡಿಯ ಆ ತುದಿಯಲ್ಲಿ ಅಂದರು. ಬೆಳಗ್ಗೆ ಆ ಡಬ್ಬಿ ನೋಡಿಕೊಂಡೇ ಟೈಪ್ ಮಾಡಿದರು. ಅವರು ಅನುಮತಿ ಕೊಟ್ಟ ಮೇಲೆ ಅದರ ಫೋಟೋ ತೆಗೆದುಕೊಂಡೆ. ಹಿರಿಯರ ಹೆಸರುಗಳನ್ನು ಅಳಿಸಿ ಅದನ್ನೇ ಯೋಜನೆಯ ಮೊದಲ ಪುಟಕ್ಕೆ ಹಾಕುತ್ತಿದ್ದೇನೆ.

22 ಬಾತ್‌ರೂಮ್‌ಗಳಲ್ಲಿ ನೆಲದ ಮೇಲೆ ಫೋನ್ ಇಟ್ಟು ನೋಡಿದೆ. 9ರಲ್ಲಿ ಸಿಗ್ನಲ್ ಇಲ್ಲ.

ಯೋಜನೆಯ ಮೊದಲ ಆರು ತಿಂಗಳಿಗೆ ಹೀಗೆ ಬರೆದಿದ್ದೇನೆ: ಹಳೇ ವಿಂಡೋಸ್ ಯಂತ್ರಗಳ ಬದಲಾವಣೆ, ಬಾತ್‌ರೂಮ್‌ವರೆಗೆ ವೈಫೈ, ಬ್ಯಾಡ್ಜ್ ಲಾಗಿನ್, ಒಬ್ಬರಿಗೆ ಒಂದೇ ನಂಬರ್, ಔಷಧಿ ಪಟ್ಟಿಯ ಲ್ಯಾಪ್‌ಟಾಪ್. ಆಪ್ ಒಂದು ಮಹಡಿಯಲ್ಲಿ ಮಾತ್ರ, ಹಿರಿಯರು ಒಪ್ಪಿದ ಮಾಹಿತಿಯಷ್ಟೇ. ಎಐ ಎರಡನೇ ವರ್ಷದ ಕೊನೆಗೆ, ಎಂಟ್ರಿಗಳ ಸಮಯ ನಂಬುವಂತಾದ ಮೇಲೆ. ಎಲ್ಲ ಸಾಲಿನ ಮುಂದೆಯೂ ಪ್ರತಿ ಪಾಳಿಗೆ ಎಷ್ಟು ನಿಮಿಷ ಉಳಿಯುತ್ತದೆ ಅಂತ ಒಂದು ಕಾಲಂ ಇಟ್ಟಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಸಿಬ್ಬಂದಿಯ ಹೆಸರಿನಲ್ಲಿ ಸಮಯ ನೋಡುವುದಿಲ್ಲ ಅನ್ನುವ ಮಾತು ನಾನು ಕೊಟ್ಟರೆ ಸಾಕಾ? ನಾಳೆ ನಾನು ಇಲ್ಲದಿದ್ದರೆ?

ರಾತ್ರಿ ಪಾಳಿ

ಸಾಕಾಗುವುದಿಲ್ಲ ಸರ್. ಬರೆದು ಕೊಡಿ. ನರ್ಸಿಂಗ್ ಮುಖ್ಯಸ್ಥರು, ಎಚ್‌ಆರ್ ಮುಖ್ಯಸ್ಥರು, ನೀವು, ಮೂವರ ಸಹಿಯೂ ಇರಲಿ. ಬ್ಯಾಡ್ಜ್ ಕೊಡುವ ದಿನವೇ ಆ ಹಾಳೆಯ ಒಂದು ಪ್ರತಿ ಪ್ರತಿಯೊಬ್ಬರ ಕೈಗೂ ಕೊಡಿ. ಮತ್ತೆ ಟ್ಯಾಬ್‌ನಲ್ಲಿ "ಜೊತೆಗೆ ಕೂತಿದ್ದೆ" ಅಂತ ಒಂದು ಬಟನ್ ಇಡಿಸಿ.